ಸೀರಿಯಲ್ ಪೋರ್ಟಿಂದ ಬರೋ ಪ್ಯಾಕೆಟ್ ರೆಜೆಕ್ಸಲ್ಲಿ ಸರಿಯಾಗಿ ಸಿಗ್ತಿಲ್ಲ

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನನ್ನ ಸೆನ್ಸರ್ ಬೋರ್ಡು $25,61# ಈ ಥರ ಪ್ಯಾಕೆಟ್ ಕಳಿಸುತ್ತೆ, $ ಬಂದ್ರೆ ಶುರು, # ಬಂದ್ರೆ ಮುಗೀತು. ಪೈಥಾನಲ್ಲಿ \$.*# ಅಂತ ರೆಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕೋದು) ಪ್ಯಾಟರ್ನ್ ಹಾಕಿದೀನಿ. ಒಂದೊಂದ್ಸಲ ಏನೂ ಸಿಗಲ್ಲ, ಒಂದೊಂದ್ಸಲ ಮೂರು ಪ್ಯಾಕೆಟ್ ಅಂಟ್ಕೊಂಡು ಒಂದೇ ಆಗಿ ಬರುತ್ತೆ. ಎರಡು ದಿನದಿಂದ ತಲೆ ಕೆಟ್ಟೋಗಿದೆ ಸರ್.

ಉತ್ತರ: ಇಲ್ಲಿರೋದು ಎರಡು ಬೇರೆ ಬೇರೆ ತೊಂದ್ರೆ. ಅಂಟ್ಕೊಳ್ಳೋದು ಯಾಕಂದ್ರೆ .* ಅನ್ನೋದು ದುರಾಸೆಯದ್ದು, ಮೊದಲ $ ಹಿಡ್ಕೊಂಡು ಆ ಸಾಲಲ್ಲಿರೋ ಕೊನೇ # ವರೆಗೂ ನುಂಗುತ್ತೆ. ಎಲ್ರೂ ಆದಷ್ಟು ಕಮ್ಮಿ ನುಂಗೋ .*? ಹಾಕಿ ಅಂತಾರೆ, ನಾನು ಹೇಳಲ್ಲ, ಯಾಕಂದ್ರೆ ಮಧ್ಯೆ ಒಂದು # ಕಳೆದೋಗಿ $25,6$26,60# ಅಂತ ಬಂತು ಅನ್ಕೊಳ್ಳಿ, ಆಗ ಅದು ಕೆಟ್ಟಿರೋದನ್ನೂ ಸೇರಿಸಿ ಪೂರ್ತಿ ಎತ್ಕೊಡುತ್ತೆ. ಬದಲಿಗೆ \$([^$#]*)# ಬರೀರಿ. ಒಳಗೆ ಇನ್ನೊಂದು $ ಬರೋ ಹಾಗೇ ಇಲ್ಲ ಅಂದ್ಮೇಲೆ ಮುರಿದಿದ್ದು ತಾನಾಗೇ ಬಿದ್ದೋಗಿ 26,60 ಮಾತ್ರ ಸಿಗುತ್ತೆ.

ಏನೂ ಸಿಗದೇ ಇರೋದಕ್ಕೆ ಪ್ಯಾಟರ್ನ್ ಕಾರಣ ಅಲ್ಲ. ಒಂದ್ಸಲ ರೀಡ್ ಮಾಡಿದ್ರೆ ಒಂದು ಪ್ಯಾಕೆಟ್ ಅಂತ ಯಾರೂ ಗ್ಯಾರಂಟಿ ಕೊಟ್ಟಿಲ್ಲ, ಈಗ $25, ಬಂದು ಆಮೇಲೆ 61# ಬರಬಹುದು (ನೆಟ್‌ವರ್ಕಲ್ಲಿ ಡೇಟಾ ಕಳಿಸೋ ಟಿಸಿಪಿನಲ್ಲೂ ಇದೇ ಕಥೆ). ಬಂದಿದ್ದನ್ನೆಲ್ಲ ಒಂದು ಬಫರಿಗೆ (ತಾತ್ಕಾಲಿಕವಾಗಿ ಇಟ್ಕೊಳ್ಳೋ ಜಾಗ) ಸೇರಿಸ್ತಾ ಹೋಗಿ, ಹುಡುಕೋದು ಬಫರಲ್ಲಿ.

ಪ್ರಶ್ನೆ: ಬಫರ್ ಬೆಳೀತಾನೇ ಹೋಗಲ್ವಾ ಸರ್?

ಉತ್ತರ: ಹೋಗುತ್ತೆ, ಕತ್ತರಿಸ್ಬೇಕು. ಕೊನೇ ಮ್ಯಾಚ್ ಎಲ್ಲಿ ಮುಗೀತೋ ಅಲ್ಲೀವರೆಗೂ ಬಿಸಾಕಿ. ಉಳಿದಿದ್ರಲ್ಲಿ ಕೊನೇ $ ಇಂದ ಮುಂದಕ್ಕೆ ಇರೋದಷ್ಟೇ ಇಟ್ಕೊಳ್ಳಿ, ಅದರ ಹಿಂದಿನದು ಇನ್ಯಾವತ್ತೂ ಪೂರ್ತಿ ಆಗಲ್ಲ. $ ಇಲ್ವೇ ಇಲ್ಲ ಅಂದ್ರೆ ಎಲ್ಲಾ ಕಸ. ಅದರ ಮೇಲೆ ಉದ್ದಕ್ಕೂ ಒಂದು ಮಿತಿ ಹಾಕಿ, ನಿಮ್ಮ ಅತಿ ದೊಡ್ಡ ಪ್ಯಾಕೆಟ್ಟಿಗಿಂತ ಜಾಸ್ತಿ ಆಯ್ತಾ, ಖಾಲಿ ಮಾಡ್ಬಿಡಿ.

ಪ್ರಶ್ನೆ: ಮಾಡ್ದೆ, ಈಗ ಎಲ್ಲಾ ಬರ್ತಿದೆ 🙏 ಆದ್ರೆ ಅಪರೂಪಕ್ಕೆ 25 ಇರೋ ಕಡೆ 95 ಬರುತ್ತೆ.

ಉತ್ತರ: ಅದು ವೈರಲ್ಲಿ ಬಿಟ್ ಕೆಟ್ಟಿರೋದು ಇರ್ಬೇಕು, ರೆಜೆಕ್ಸಿಗೆ 95 ಕೂಡ ಸರಿಯಾದ ಅಂಕಿನೇ. ಚೆಕ್‌ಸಮ್ ಬೇಕು, ಅಂದ್ರೆ ಡೇಟಾ ಕೆಟ್ಟಿದ್ಯಾ ಅಂತ ತಿಳಿಯೋಕೆ ಜೊತೆಗೆ ಕಳಿಸೋ ಲೆಕ್ಕದ ಅಂಕಿ. ಜಿಪಿಎಸ್‌ನವರ ಎನ್‌ಎಂಇಎ 0183 (ಸಂದೇಶ ಹೇಗಿರ್ಬೇಕು ಅನ್ನೋ ಮಾನದಂಡ) ನೋಡಿ, $ ಇಂದ * ವರೆಗೆ ಮಧ್ಯೆ ಇರೋ ಅಕ್ಷರಗಳನ್ನೆಲ್ಲ ಎಕ್ಸ್‌ಆರ್ (XOR, ಬಿಟ್‌ಗೆ ಬಿಟ್ ಹೋಲಿಸೋ ಲೆಕ್ಕ) ಮಾಡಿ * ಆದ್ಮೇಲೆ ಎರಡು ಹೆಕ್ಸ್ (16ರ ಲೆಕ್ಕದ) ಅಂಕಿ ಹಾಕ್ತಾರೆ, ಬೋರ್ಡಿನ ಕೋಡ್ ನಿಮ್ಮ ಕೈಲೇ ಇದ್ರೆ ಹಾಗೇ ಮಾಡಿ. ಮುಂದೆ ಬೈನರಿ ಡೇಟಾ ಕಳಿಸೋ ಯೋಚನೆ ಇದ್ರೆ ಮಾತ್ರ ಈ ದಾರಿ ಬಿಡಿ, ಒಳಗಿನ ಡೇಟಾದಲ್ಲೇ # ನ ಬೈಟ್ ಬಂದ್ಬಿಡುತ್ತೆ, ಅಲ್ಲಿ ಮೊದಲೇ ಉದ್ದ ಹೇಳೋ ಹೆಡರ್ ವಾಸಿ.