ಮಲೆನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್: ತರಗತಿಯಲ್ಲಿ ಕನ್ನಡಕ್ಕೆ ಎಷ್ಟು ಜಾಗ ಕೊಡಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಆರಂಭವಾಗುವುದರಿಂದ, ನನ್ನ ಬಳಿಗೆ ಬರುವ ಹೊತ್ತಿಗೆ ಮಕ್ಕಳು ಏಳು ವರ್ಷ ಆ ಭಾಷೆಯ ಪಾಠ ಕೇಳಿರುತ್ತಾರೆ. ಬೋರ್ಡಿನ ಮೇಲೆ ಬರೆದದ್ದನ್ನು ಮುತ್ತಿನಂಥ ಅಕ್ಷರಗಳಲ್ಲಿ ಇಳಿಸಿಕೊಳ್ಳುತ್ತಾರೆ. ಆದರೆ ‘ನಿನ್ನೆ ಏಕೆ ಬರಲಿಲ್ಲ’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಧೈರ್ಯ ಮಾಡಿ ಬಾಯಿ ತೆರೆದವರು ‘ಟು ಮಿ ಫೀವರ್ ಕೇಮ್’, ‘ರೈನ್ ಈಸ್ ಕಮಿಂಗ್’ ಎನ್ನುತ್ತಾರೆ.

ತರಗತಿಯಲ್ಲಿ ಇಂಗ್ಲಿಷನ್ನೇ ಆಡಬೇಕೆಂದು ತರಬೇತಿಯಲ್ಲಿ ನಮಗೆ ಹೇಳಿದ್ದರು. ಹಾಗೆ ಮಾಡಿದ ದಿನ ಕೊಠಡಿಯಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಕನ್ನಡಕ್ಕೆ ಹೊರಳಿದರೆ ಮುಖಗಳು ಅರಳುತ್ತವೆ, ಆದರೆ ಇಡೀ ಪೀರಿಯಡ್ಡು ಅರ್ಥ ಹೇಳುವುದರಲ್ಲೇ ಮುಗಿದುಹೋಗುತ್ತದೆ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಕೆಲವು ಮಕ್ಕಳ ಮನೆಮಾತು ತಮಿಳು ಅಥವಾ ಅಸ್ಸಾಮಿ ಎಂಬುದನ್ನೂ ಹೇಳಬೇಕು. ಕನ್ನಡವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಶಿಕ್ಷಕ, ಬೇಲೂರು

ಮೇಡಂ, ನೀವು ಕೊಟ್ಟಿರುವ ಎರಡು ತಪ್ಪುಗಳಲ್ಲೇ ಉತ್ತರದ ಅರ್ಧ ಭಾಗವಿದೆ. ಆ ಮಕ್ಕಳು ಕನ್ನಡದ ವ್ಯಾಕರಣವನ್ನು ಸರಿಯಾಗಿ ಪಾಲಿಸಿ ಇಂಗ್ಲಿಷಿನಲ್ಲಿ ತಪ್ಪುತ್ತಿದ್ದಾರೆ. ‘ನನಗೆ ಜ್ವರ ಬಂದಿದೆ’, ‘ನನಗೆ ಇಬ್ಬರು ತಂಗಿಯರಿದ್ದಾರೆ’, ‘ನನಗೆ ಹಸಿವಾಗಿದೆ’ ಎಂಬ ಮೂರು ವಾಕ್ಯಗಳಲ್ಲೂ ನಮ್ಮಲ್ಲಿ ‘ನನಗೆ’ ಎಂಬ ಚತುರ್ಥಿ ವಿಭಕ್ತಿಯೇ ಬರುತ್ತದೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಐ’ ಮುಂದೆ ನಿಲ್ಲಬೇಕು, ಮೊದಲ ಎರಡಕ್ಕೆ ‘ಹ್ಯಾವ್’, ಮೂರನೆಯದಕ್ಕೆ ‘ಆಮ್’. ‘ಹ್ಯಾವ್’ ಎಂಬುದಕ್ಕೆ ಕನ್ನಡದಲ್ಲಿ ನೇರವಾದ ಕ್ರಿಯಾಪದವೇ ಇಲ್ಲದಿರುವುದರಿಂದ, ಅದರ ಅರ್ಥವನ್ನು ಎಷ್ಟು ಸಲ ಹೇಳಿದರೂ ಮಗುವಿನ ಮನಸ್ಸಿನಲ್ಲಿ ಅದಕ್ಕೆ ಕೂರಲು ಜಾಗ ಸಿಗುವುದಿಲ್ಲ. ಮಳೆಯದೂ ಇದೇ ಕಥೆ. ನಮ್ಮಲ್ಲಿ ಮಳೆಯೇ ಬರುತ್ತದೆ. ಅವರಲ್ಲಿ ‘ಇಟ್’ ಎಂಬ ಅರ್ಥವಿಲ್ಲದ ಕರ್ತೃವನ್ನು ತಂದು ನಿಲ್ಲಿಸಿ ‘ಇಟ್ ಈಸ್ ರೈನಿಂಗ್’ ಎನ್ನಬೇಕು. ‘ಅವರು ನಮ್ಮ ಮೇಷ್ಟ್ರು’ ಎಂಬಲ್ಲಿ ಕ್ರಿಯಾಪದವಿಲ್ಲದೆಯೇ ನಮ್ಮ ವಾಕ್ಯ ಪೂರ್ಣವಾಗುತ್ತದೆ, ಆದ್ದರಿಂದಲೇ ಮಕ್ಕಳು ‘ಹಿ ಅವರ್ ಟೀಚರ್’ ಎಂದು ಬರೆದು ‘ಈಸ್’ ಅನ್ನು ಕೈಬಿಡುತ್ತಾರೆ.

ಇಂಥ ಕಡೆ ಎರಡು ಭಾಷೆಗಳ ವಾಕ್ಯಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸಿ. ಅದಕ್ಕೆ ಐದು ನಿಮಿಷ ಕನ್ನಡ ಸಾಕು. ಪದ್ಯದ ಸಾಲು ಸಾಲಿಗೂ ಅರ್ಥ ಹೇಳುವುದಕ್ಕೆ ಕನ್ನಡ ಬಳಸಿದರೆ ಮಕ್ಕಳು ಇಂಗ್ಲಿಷಿಗೆ ಕಿವಿ ಕೊಡುವುದನ್ನೇ ಬಿಡುತ್ತಾರೆ. ಕನ್ನಡದ ಅರ್ಥ ಹಿಂದೆಯೇ ಬರುತ್ತದೆಂದು ಅವರಿಗೆ ಗೊತ್ತಿರುತ್ತದೆ. ನಾನೇ ಹಲವು ವರ್ಷ ಈ ತಪ್ಪು ಮಾಡಿದ್ದೇನೆ.

ಉತ್ತರ: ಇಂಗ್ಲಿಷ್ ಉಪನ್ಯಾಸಕಿ, ಹಾಸನ

ಮೇಷ್ಟ್ರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಲೈನ್ ಮನೆಯ ಮಕ್ಕಳನ್ನು ಅವರು ಮರೆತಂತೆ ಕಾಣುತ್ತದೆ. ತಮಿಳು ಮನೆಮಾತಿನ ಮಗುವಿಗೆ ಈ ಹೋಲಿಕೆ ಹೇಗೋ ನಡೆಯುತ್ತದೆ, ಏಕೆಂದರೆ ತಮಿಳಿನಲ್ಲೂ ‘ಎನಕ್ಕು’ ಎಂದೇ ಜ್ವರ ಬರುವುದು. ಅಸ್ಸಾಮಿನಿಂದ ಕಳೆದ ವರ್ಷವಷ್ಟೇ ಬಂದ ಮಗುವಿಗೆ ಕನ್ನಡದ ವಿವರಣೆ ಎಂದರೆ ಗೊತ್ತಿಲ್ಲದ ಒಂದು ಭಾಷೆಯನ್ನು ಗೊತ್ತಿಲ್ಲದ ಇನ್ನೊಂದರಲ್ಲಿ ಹೇಳಿದಂತೆ. ಆ ಮಕ್ಕಳಿಗೆ ವಸ್ತು, ಚಿತ್ರ ಮತ್ತು ಅಭಿನಯದಿಂದ ಕಲಿಸುವುದೇ ದಾರಿ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅವರು ಉಳಿದವರಿಗಿಂತ ಹಿಂದಿರಬೇಕಾದ ಕಾರಣವಿಲ್ಲ. ಕನ್ನಡದಲ್ಲಿ ನಡೆಸಿದರೆ ನಾವೇ ಅವರನ್ನು ಹಿಂದಕ್ಕೆ ತಳ್ಳಿದಂತಾಗುತ್ತದೆ.

ಉಚ್ಚಾರಣೆಯ ಬಗ್ಗೆಯೂ ಒಂದು ಮಾತು. ‘ಯೆಗ್’, ‘ಬಸ್ಸು’, ‘ಇಸ್ಕೂಲು’ ಎಂದ ಮಕ್ಕಳನ್ನು ನೋಡಿ ನಗುವ ಶಿಕ್ಷಕರಿದ್ದಾರೆ. ನಾವು ‘ಎರಡು’ ಎಂದು ಬರೆದು ‘ಯೆರಡು’ ಎಂದೂ, ‘ಒಂದು’ ಎಂದು ಬರೆದು ‘ವೊಂದು’ ಎಂದೂ ಆಡುವವರು. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತವೆ. ಆ ಅಭ್ಯಾಸ ಇಂಗ್ಲಿಷಿಗೂ ಹರಿದಿದೆ, ಅಷ್ಟೆ. ನಕ್ಕ ಮೇಲೆ ಆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಮೊದಲು ಮಾತು ಬರಲಿ, ಕೊನೆಯ ಉಕಾರವನ್ನು ಆಮೇಲೆ ಕತ್ತರಿಸಬಹುದು.

ಉತ್ತರ: ಕಾಫಿ ಬೆಳೆಗಾರ, ಸಕಲೇಶಪುರ

ನಾನು ಶಿಕ್ಷಕನಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ ಕೆಲವು ವರ್ಷ ಇದ್ದವನು ಎಂಬ ಸಲುಗೆಯಿಂದ ಬರೆಯುತ್ತಿದ್ದೇನೆ. ನಮ್ಮ ಭಾಗದ ಮಕ್ಕಳ ಬಾಯಲ್ಲಿ ಆಗಲೇ ಎಷ್ಟು ಇಂಗ್ಲಿಷ್ ಇದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ), ಚೆರಿ, ಸ್ಪ್ರಿಂಕ್ಲರ್, ರೈಟರ್ (ತೋಟದ ಲೆಕ್ಕ ಬರೆಯುವವರು), ಎಸ್ಟೇಟ್ ಇವೆಲ್ಲ ಲೈನ್ ಮನೆಯಲ್ಲಿ ಕನ್ನಡ, ತಮಿಳು, ಅಸ್ಸಾಮಿ ಎಂಬ ಭೇದವಿಲ್ಲದೆ ಎಲ್ಲರೂ ಆಡುವ ಪದಗಳು. ಮನೆಯಲ್ಲಿ ಇಂಗ್ಲಿಷ್ ಪುಸ್ತಕ ಇಲ್ಲದಿದ್ದರೂ ಗೊಬ್ಬರದ ಚೀಲ ಇರುತ್ತದೆ. ಯೂರಿಯಾ ಚೀಲದ ಮೇಲಿನ 46 ಪರ್ಸೆಂಟ್ ನೈಟ್ರೋಜನ್ ಎಂಬ ಬರಹವನ್ನು ಓದಿಸಿ ನೋಡಿ, ವಿಜ್ಞಾನದ ಪಾಠವೂ ಆಗುತ್ತದೆ.

ಇನ್ನೊಂದು ಮಾತು, ತಪ್ಪಿದ್ದರೆ ಮೇಷ್ಟ್ರು ತಿದ್ದಬೇಕು. ಕಾಫಿ ಹಣ್ಣಿನ ಕೆಲಸವನ್ನು ಹೇಳುವಾಗ ನಾವು ‘ಹಣ್ಣು ಕುಯ್ಯುತ್ತಾರೆ, ಪಲ್ಪರ್‌ಗೆ ಹಾಕುತ್ತಾರೆ, ತೊಳೆದು ಕಣದಲ್ಲಿ ಒಣಗಿಸುತ್ತಾರೆ’ ಎನ್ನುತ್ತೇವೆ. ಯಾರು ಎಂದು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಅದನ್ನೇ ‘ದ ಚೆರೀಸ್ ಆರ್ ಪಿಕ್ಡ್, ಪಲ್ಪ್ಡ್, ವಾಷ್ಡ್ ಅಂಡ್ ಡ್ರೈಡ್’ ಎಂದು ಬರೆಯುತ್ತಾರೆ. ನನ್ನ ಮಗಳು ಕರ್ಮಣಿ ಪ್ರಯೋಗವನ್ನು ‘ರಾಮ ಕಿಲ್ಡ್ ರಾವಣ’ ಎಂಬುದನ್ನು ತಿರುಗಿಸಿ ಬರೆದು ಬಾಯಿಪಾಠ ಮಾಡಿದಳು. ಅದು ಯಾವಾಗ ಬೇಕಾಗುತ್ತದೆ ಎಂಬುದು ಅವಳಿಗೆ ತಿಳಿದದ್ದು, ನಮ್ಮ ಹೋಂಸ್ಟೇಗೆ ಬಂದ ಅತಿಥಿಗಳಿಗೆ ಕಣ ತೋರಿಸುತ್ತಾ ವಿವರಿಸುವಾಗ.

ಮರುಉತ್ತರ: ನಿವೃತ್ತ ಶಿಕ್ಷಕ, ಬೇಲೂರು

ತಿದ್ದುವುದೇನೂ ಇಲ್ಲ. ಕರ್ತೃವನ್ನು ಹೇಳಬೇಕಾಗಿಲ್ಲದ ಕಡೆ ಕನ್ನಡ ಅದನ್ನು ಸುಮ್ಮನೆ ಬಿಟ್ಟುಬಿಡುತ್ತದೆ, ಇಂಗ್ಲಿಷ್ ವಾಕ್ಯವನ್ನೇ ತಿರುಗಿಸುತ್ತದೆ. ಇಷ್ಟು ಸರಳವಾಗಿ ನಾನು ತರಗತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಆದರೆ ಒಂದು ಎಚ್ಚರ: ತೋಟದ ಪದಗಳಲ್ಲೇ ವರ್ಷ ಕಳೆದರೆ, ತೋಟ ಬಿಟ್ಟು ಬೇರೆ ಕಡೆ ಹೋಗಬೇಕೆಂದಿರುವ ಮಕ್ಕಳಿಗೆ ಅನ್ಯಾಯವಾಗುತ್ತದೆ.

ಪ್ರಶ್ನೆ ಕೇಳಿದವರು: ಮೂಡಿಗೆರೆ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಒಂಬತ್ತನೆಯ ತರಗತಿಯಲ್ಲಿ ಕಾಫಿ ಹಣ್ಣಿನ ಕೆಲಸವನ್ನು ಮಕ್ಕಳಿಂದ ಅಭಿನಯ ಮಾಡಿಸುತ್ತಾ ಹೇಳಿಸಿದೆ. ಜೂನ್‌ನಿಂದ ಬಾಯಿ ಬಿಡದ ಅಸ್ಸಾಮಿನ ಹುಡುಗನೊಬ್ಬ ಪಲ್ಪರ್ ತಿರುಗಿಸುವಂತೆ ನಟಿಸಿ, ‘ಪಲ್ಪ್ಡ್’ ಎಂದ. ‘ಆರ್’ ಬಿಟ್ಟಿದ್ದ, ನಾನು ತಿದ್ದಲಿಲ್ಲ. ಡಿಸೆಂಬರ್‌ನಲ್ಲಿ ಕೊಯ್ಲು ಬಿರುಸಾದಾಗ ಇವರಲ್ಲಿ ಕೆಲವರು ಶಾಲೆಗೇ ಬರುವುದಿಲ್ಲ. ಆ ಎರಡು ತಿಂಗಳ ಪಾಠವನ್ನು ಹಿಂದುಮುಂದು ಮಾಡಿ ನಡೆಸಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ಬರೆಯಿರಿ.