1968 ಜಿಟಿಒ ಹೈವೇಲಿ 235ಕ್ಕೆ ಹೋಗ್ತಿದೆ, ರೇಡಿಯೇಟರ್ ಬದಲಾಯಿಸಿದ್ರೂ ಇಳೀತಿಲ್ಲ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಹಳೇ ಅಮೆರಿಕನ್ ವಿ8 ಇಂಜಿನ್ ಕೆಲಸ ಮಾಡೋ ಅಣ್ಣ ಒಬ್ರು ಈ ಗ್ರೂಪಲ್ಲಿ ಇದಾರೆ ಅಂತ ಗೊತ್ತಾಯ್ತು, ಅವ್ರಿಗೇ ಈ ಪ್ರಶ್ನೆ. ನಾನಿರೋದು ಅರಿಜೋನಾದ ಫೀನಿಕ್ಸ್ ಹತ್ರ. ಎರಡು ವರ್ಷದ ಹಿಂದೆ 1968ರ ಪಾಂಟಿಯಾಕ್ ಜಿಟಿಒ ತಗೊಂಡೆ, 400 ಕ್ಯೂಬಿಕ್ ಇಂಚಿನ ಇಂಜಿನ್, ಆಟೋಮ್ಯಾಟಿಕ್, ಏಸಿ ಇದೆ. ಚಳಿಗಾಲದಲ್ಲಿ ಏನೂ ತೊಂದ್ರೆ ಇಲ್ಲ. ಬಿಸಿಲು ಶುರುವಾದ್ರೆ ಹೈವೇಲಿ 65 ಮೈಲಿ ಸ್ಪೀಡಲ್ಲಿ ಇಪ್ಪತ್ತು ನಿಮಿಷ ಹೋದ್ರೆ ಸಾಕು, ಗೇಜ್ ಮುಳ್ಳು ಮೆಲ್ಲಗೆ ಏರ್ತಾ 235 ಫ್ಯಾರನ್‌ಹೀಟ್‌ಗೆ ಬರತ್ತೆ. ಸಿಗ್ನಲ್ಲಲ್ಲಿ ನಿಂತ್ರೂ ಏರತ್ತೆ. ಇಲ್ಲಿವರೆಗೆ ಮಾಡಿರೋದು: ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಹಾಕ್ದೆ, ಥರ್ಮೋಸ್ಟಾಟ್ ಕಿತ್ತು ಬಿಸಾಕ್ದೆ, ಹೊಸ ವಾಟರ್ ಪಂಪ್ ಹಾಕ್ದೆ, ಕೂಲಂಟ್‌ಗೆ ಹಾಕೋ ಎರಡು ಬಾಟ್ಲಿ ಔಷಧಿನೂ ಸುರಿದೆ. ಪಂಪ್ ಹಾಕಿದ್ಮೇಲೆ ಇನ್ನೂ ಸ್ವಲ್ಪ ಜಾಸ್ತಿನೇ ಆದಂಗಿದೆ. ಮಗಳಿಗೆ ಈ ಕಾರು ಅಂದ್ರೆ ಪ್ರಾಣ, ಅವಳನ್ನ ಕೂರಿಸ್ಕೊಂಡು ಹೋಗೋಕೆ ಭಯ ಆಗ್ತಿದೆ. ಮುಂದೆ ಏನು ಬದಲಾಯಿಸ್ಲಿ ಅಣ್ಣಾ?

ಉತ್ತರ:
ನಮಸ್ಕಾರ ಸರ್. ಸದ್ಯಕ್ಕೆ ಏನೂ ಬದಲಾಯಿಸ್ಬೇಡಿ, ಇನ್ನೊಂದು ಡಾಲರ್ ಕೂಡ ಖರ್ಚು ಮಾಡ್ಬೇಡಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಹೀಟ್ ಆಗೋ ಗಾಡಿ ತರೋರೆಲ್ಲ ಡಿಕ್ಕಿ ತುಂಬ ಹಳೇ ಪಾರ್ಟ್ಸ್ ಇಟ್ಕೊಂಡೇ ಬರ್ತಾರೆ, ಯಾವುದನ್ನೂ ಅಳತೆ ಮಾಡಿ ತೆಗ್ದಿರಲ್ಲ, ನೋಡಿದ್ರೆ ಹೊಟ್ಟೆ ಉರಿಯತ್ತೆ.

ಮೊದ್ಲು ನೋಡ್ಬೇಕಾಗಿರೋದು ಯಾವಾಗ ಹೀಟ್ ಆಗತ್ತೆ ಅನ್ನೋದು. ನಿಂತಾಗ ಮಾತ್ರ ಏರಿ, ಓಡ್ವಾಗ ಇಳಿದ್ರೆ ಅದು ಗಾಳಿ ಸಮಸ್ಯೆ, ಅಂದ್ರೆ ಫ್ಯಾನು, ಫ್ಯಾನ್ ಕ್ಲಚ್ಚು, ಫ್ಯಾನ್ ಸುತ್ತ ಇರೋ ಶ್ರೌಡು. 65 ಮೈಲಿಲಿ ಓಡೋವಾಗ ಫ್ಯಾನ್ ಇದ್ರೂ ಒಂದೇ ಇಲ್ದಿದ್ರೂ ಒಂದೇ, ಗಾಳಿ ತಾನಾಗೇ ನುಗ್ಗತ್ತೆ, ಆಗ್ಲೂ ಏರ್ತಿದೆ ಅಂದ್ರೆ ನೀರು ಸರಿಯಾಗಿ ಓಡ್ತಿಲ್ಲ, ಇಲ್ಲಾ ರೇಡಿಯೇಟರ್ ಕಟ್ಕೊಂಡಿದೆ, ಇಲ್ಲಾ ಟೈಮಿಂಗ್, ಅಂದ್ರೆ ಸಿಲಿಂಡರಲ್ಲಿ ಕಿಡಿ ಬೀಳೋ ಸಮಯ, ತಪ್ಪಿದೆ. ನಿಮ್ದು ಎರಡೂ ಕಡೆ ಏರ್ತಿದೆ, ಹಾಗಾಗಿ ಎರಡು ಬೇರೆ ಬೇರೆ ಕಾಯಿಲೆ ಒಟ್ಟಿಗೆ ಇರಬಹುದು ಅಂತ ಇಟ್ಕೊಂಡೇ ಹುಡುಕೋಣ.

ಇಷ್ಟು ನೋಡಿ ಹೇಳಿ. ಇನ್ಫ್ರಾರೆಡ್ ಟೆಂಪರೇಚರ್ ಗನ್ ಒಂದು ಯಾರ ಹತ್ರ ಆದ್ರೂ ಕೇಳಿ ಇಸ್ಕೊಳಿ. ಹೈವೇಲಿ ಮುಳ್ಳು ಏರಿದ ತಕ್ಷಣ ಸೈಡಿಗೆ ಹಾಕಿ ಇಂಜಿನ್ ಓಡ್ತಿರೋವಾಗ್ಲೇ ಮೂರು ಜಾಗ ಹಿಡೀರಿ: ಥರ್ಮೋಸ್ಟಾಟ್ ಹೌಸಿಂಗು, ರೇಡಿಯೇಟರಿಗೆ ನೀರು ಒಳಗೆ ಹೋಗೋ ಮೇಲಿನ ಹೋಸ್ ಬಾಯಿ, ಹೊರಗೆ ಬರೋ ಕೆಳಗಿನ ಹೋಸ್ ಬಾಯಿ. ಅಲ್ಯೂಮಿನಿಯಂ ಹೊಳಪಿದ್ರೆ ಗನ್ ತಪ್ಪು ತೋರ್ಸತ್ತೆ, ಅಲ್ಲಿ ಕಪ್ಪು ಟೇಪ್ ಒಂದು ತುಂಡು ಅಂಟಿಸಿ ಅದರ ಮೇಲೆ ಹಿಡೀರಿ. ಮನೇಲಿ ಒಬ್ರು 2500 ಆರ್‌ಪಿಎಂಗೆ ಆಕ್ಸಿಲರೇಟರ್ ಒತ್ತಿದಾಗ ಕೆಳಗಿನ ಹೋಸ್ ಚಪ್ಪಟೆ ಆಗತ್ತಾ ನೋಡಿ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಹಂಚೋದು) ಪಕ್ಕದ ವ್ಯಾಕ್ಯೂಮ್ ಪೈಪು ಎಲ್ಲಿಗೆ ಹೋಗಿದೆ ಅಂತ ಒಂದು ಫೋಟೋ ಹಾಕಿ. ಇನ್ನೊಂದು, ಹಳೇ ಪಂಪ್ ಬಿಚ್ಚಿದಾಗ ಅದರ ಹಿಂದೆ ಒಂದು ತಗಡಿನ ಪ್ಲೇಟ್ ಇತ್ತಾ, ಅದು ಹೇಗಿತ್ತು?

ಬಿಸಿ ಇರೋವಾಗ ರೇಡಿಯೇಟರ್ ಕ್ಯಾಪ್ ಮಾತ್ರ ಮುಟ್ಬೇಡಿ. 15 ಪಿಎಸ್ಐ ಕ್ಯಾಪ್ ಒಂದೊಂದು ಪಿಎಸ್ಐಗೆ ಸುಮಾರು 3 ಡಿಗ್ರಿ ಲೆಕ್ಕದಲ್ಲಿ ಕುದಿಯೋ ಮಟ್ಟನ ಮೇಲಕ್ಕೆ ತಳ್ಳಿರತ್ತೆ, ಅದಕ್ಕೇ 235 ಆದ್ರೂ (113 ಸೆಲ್ಸಿಯಸ್ ಅನ್ಕೊಳಿ) ನಿಮ್ಮ ಗಾಡಿ ಇನ್ನೂ ಉಕ್ಕಿಲ್ಲ. ಆ ಒತ್ತಡ ಬಿಟ್ಟ ಕ್ಷಣಕ್ಕೆ ಒಳಗಿನ ನೀರೆಲ್ಲ ಕುದ್ದು ಮುಖಕ್ಕೇ ಎಗರತ್ತೆ. ನನ್ನ ಜೊತೆ ಕೆಲಸ ಮಾಡೋ ಒಬ್ಬರ ಮೊಣಕೈವರೆಗೂ ಆ ಗುರುತು ಇವತ್ತಿಗೂ ಇದೆ.

ಪ್ರಶ್ನೆ ಕೇಳಿದವರು:
ಅಣ್ಣಾ, ಇವತ್ತು ಸಂಜೆ ನೋಡ್ದೆ. ಹೌಸಿಂಗ್ 230, ಮೇಲಿನ ಹೋಸ್ ಬಾಯಿ 226, ಕೆಳಗಿನದು 168. ಕೆಳಗಿನ ಹೋಸ್ ಗಟ್ಟಿಯಾಗೇ ಇದೆ, ಒಳಗೆ ಸ್ಪ್ರಿಂಗ್ ಇದೆ. ವ್ಯಾಕ್ಯೂಮ್ ಪೈಪ್ ಎಲ್ಲಿಗೂ ಹೋಗಿಲ್ಲ, ಬಾಯಿಗೆ ಒಂದು ಸ್ಕ್ರೂ ತುರುಕಿ ಮುಚ್ಚಿದಾರೆ, ಹಳೇ ಓನರ್ ಮಾಡಿರ್ಬೇಕು. ತಗಡಿನ ಪ್ಲೇಟ್ ಇತ್ತು, ಒಂದು ಅಂಚಲ್ಲಿ ತುಕ್ಕು ತಿಂದು ಬೆರಳು ತೂರೋವಷ್ಟು ತೂತಾಗಿತ್ತು, ಗ್ಯಾಸ್ಕೆಟ್ ಕೂರೋಕೆ ಇಟ್ಟಿರೋದು ಅನ್ಕೊಂಡು ಅದನ್ನೇ ವಾಪಸ್ ಹಾಕ್ಬಿಟ್ಟೆ. ಹೆಡ್ ಗ್ಯಾಸ್ಕೆಟ್ ಹೋಗಿದ್ಯಾ ಅಂತ ಆ ನೀಲಿ ದ್ರವದ ಟೆಸ್ಟೂ ಮಾಡ್ದೆ, ಬಣ್ಣ ಬದಲಾಗ್ಲಿಲ್ಲ.

ಉತ್ತರ:
ಸರ್, ಬೇಕಾಗಿದ್ದೆಲ್ಲ ಸಿಕ್ತು. ನೀಲಿ ನೀಲಿಯಾಗೇ ಉಳಿದಿದ್ದು ದೊಡ್ಡ ಸಮಾಧಾನ, ಗ್ಯಾಸ್ಕೆಟ್ ಹೋಗಿದ್ರೆ ಹೊಗೆಯ ಕಾರ್ಬನ್ ಡೈ ಆಕ್ಸೈಡ್ ಸೇರಿ ಹಳದಿ ಆಗ್ತಿತ್ತು.

226ಕ್ಕೆ ಒಳಗೆ ಹೋಗಿ 168ಕ್ಕೆ ಹೊರಗೆ ಬರ್ತಿದೆ, 58 ಡಿಗ್ರಿ ವ್ಯತ್ಯಾಸ. ರೇಡಿಯೇಟರ್ ಕೆಟ್ಟಿದ್ರೆ ನೀರು ಹೆಂಗೆ ಬಿಸಿಯಾಗಿ ಹೋಯ್ತೋ ಹೆಚ್ಚುಕಮ್ಮಿ ಹಂಗೇ ಬಿಸಿಯಾಗಿ ವಾಪಸ್ ಬರ್ಬೇಕಿತ್ತು. ನಿಮ್ಮ ರೇಡಿಯೇಟರ್ ಪಾಪ ಚೆನ್ನಾಗೇ ಕೆಲಸ ಮಾಡ್ತಿದೆ, ಅದಕ್ಕೆ ಸಿಗ್ತಿರೋ ನೀರೇ ಕಮ್ಮಿ. ಹೈವೇ ಸ್ಪೀಡಲ್ಲಿ ಈ ಇಂಜಿನ್‌ಗೆ 20 ಡಿಗ್ರಿ ಆಸುಪಾಸು ಇಳಿದ್ರೆ ಸರಿಯಾಗಿ ಓಡ್ತಿದೆ ಅಂತೀನಿ.

ಈಗ ಆ ತಗಡು. ಶೆವರ್ಲೆ ಕೆಲಸ ಮಾಡಿ ಅಭ್ಯಾಸ ಇರೋರಿಗೂ ಇದು ಗೊತ್ತಿರಲ್ಲ, ಯಾಕಂದ್ರೆ ಅದರ ಪಂಪಲ್ಲಿ ಹೀಗಿಲ್ಲ. ಪಾಂಟಿಯಾಕ್ ವಿ8ಲಿ ಪಂಪು ಟೈಮಿಂಗ್ ಕವರಿನ ಮೇಲೆ ಕೂರತ್ತೆ, ರೇಡಿಯೇಟರಿಂದ ಬರೋ ತಣ್ಣೀರಿನ ಕೋಣೆಗೂ ಇಂಜಿನ್ ಒಳಗೆ ತಳ್ಳೋ ಕೋಣೆಗೂ ಮಧ್ಯದ ಗೋಡೆನೇ ಆ ಡಿವೈಡರ್ ಪ್ಲೇಟು. ಗೋಡೇಲಿ ತೂತಿದ್ರೆ ತಳ್ಳಿದ ನೀರು ತಿರುಗಿ ಅಲ್ಲಿಗೇ ಬರತ್ತೆ, ಪಂಪು ಅದೇ ನೀರನ್ನ ಅಲ್ಲಲ್ಲೇ ಗಿರಗಿರ ತಿರುಗಿಸ್ತಾ ಇರತ್ತೆ. ಇಂಪೆಲ್ಲರ್ (ಪಂಪೊಳಗೆ ತಿರುಗಿ ನೀರು ತಳ್ಳೋ ಚಕ್ರ) ರೆಕ್ಕೆಗೂ ಪ್ಲೇಟಿಗೂ ಸಂದು ಜಾಸ್ತಿ ಇದ್ರೂ ಅಷ್ಟೇ. ಫ್ಯಾಕ್ಟರಿ ಪಂಪಲ್ಲಿ ಎರಕದ ದಪ್ಪ ಇಂಪೆಲ್ಲರ್ ಇರ್ತಿತ್ತು, ಈಗ ಅಂಗಡೀಲಿ ಸಿಗೋ ಎಷ್ಟೋ ಪಂಪಲ್ಲಿ ತಗಡು ಒತ್ತಿ ಮಾಡಿದ ಇಂಪೆಲ್ಲರ್, ಅದು ಪ್ಲೇಟಿಂದ ಇನ್ನೂ ದೂರ ನಿಲ್ಲತ್ತೆ. ಹೊಸ ಪಂಪ್ ಹಾಕಿದ್ಮೇಲೆ ಜಾಸ್ತಿ ಆಯ್ತು ಅಂದ್ರಲ್ಲ, ನಂಗೆ ಆಗ್ಲೇ ಅನುಮಾನ ಬಂದಿತ್ತು.

ಎರಕದ ಇಂಪೆಲ್ಲರ್ ಇರೋ ಪಂಪ್ ತರ್ಸಿ. 1968ರದ್ದು ಎಂಟು ಬೋಲ್ಟಿನ ಪಂಪು, 1969ರಿಂದ ಹನ್ನೊಂದು ಬೋಲ್ಟ್, ಆರ್ಡರ್ ಮಾಡೋವಾಗ ನೋಡ್ಕೊಳಿ. ಪ್ಲೇಟ್ ಸ್ಟೇನ್‌ಲೆಸ್‌ದು ಸಿಗತ್ತೆ, ಜೊತೆಗೆ ಬರೋ ಎರಡು ಸ್ಲೀವು, ರಬ್ಬರ್ ಸೀಲು ಎಲ್ಲಾ ಹೊಸದೇ ಹಾಕಿ. ಜೋಡಿಸೋಕೆ ಮುಂಚೆ ಮಕ್ಕಳು ಆಡೋ ಮೆತ್ತನೆ ಕ್ಲೇ ಇರತ್ತಲ್ಲ, ಅದನ್ನ ಪ್ಲೇಟಿನ ಮೇಲೆ ನಾಕು ಕಡೆ ಸಣ್ಣ ಉಂಡೆ ಮಾಡಿ ಅಂಟಿಸಿ, ಪಂಪ್ ಇಟ್ಟು ಬೋಲ್ಟ್ ಕೈಬಿಗಿ ಮಾಡಿ ಬಿಚ್ಚಿ, ಉಂಡೆ ಎಷ್ಟು ದಪ್ಪ ಉಳಿದಿದೆ ಅಳೀರಿ. ಐದಾರು ಮಿಲಿಮೀಟರ್ ಬಂದ್ರೆ ಆಶ್ಚರ್ಯ ಬೇಡ. ಪ್ಲೇಟನ್ನ ಮರದ ದಿಮ್ಮಿ ಮೇಲಿಟ್ಟು ನಡುವಿನ ತೂತಿನ ಸುತ್ತ ಸುತ್ತಿಗೇಲಿ ನಿಧಾನವಾಗಿ ತಟ್ಟಿ ರೆಕ್ಕೆ ಕಡೆಗೆ ಉಬ್ಬಿಸಿ, ಒಂದೂವರೆ ಮಿಲಿಮೀಟರ್ ಸಂದು ಉಳಿದ್ರೆ ಸಾಕು. ಮತ್ತೆ ಕ್ಲೇ, ಮತ್ತೆ ಅಳತೆ. ಎರಡು ಗಂಟೆ ಹೋಗ್ಬಹುದು, ಹೋಗ್ಲಿ, ಈ ಕೆಲಸದ ಜೀವ ಇರೋದೇ ಇಲ್ಲಿ. ಕೊನೇಲಿ ಶಾಫ್ಟ್ ಕೈಯಲ್ಲಿ ತಿರುಗಿಸಿದಾಗ ಎಲ್ಲೂ ಉಜ್ಜೋ ಸದ್ದು ಬರ್ಬಾರ್ದು.

ಸಿಗ್ನಲ್ಲಲ್ಲಿ ಏರೋದಕ್ಕೆ ವ್ಯಾಕ್ಯೂಮ್ ಪೈಪಿಗೆ ತುರುಕಿರೋ ಆ ಸ್ಕ್ರೂ ಕಾರಣ ಅಂತ ನನ್ನ ನಂಬಿಕೆ. ಐಡಲಲ್ಲಿ ಸಿಲಿಂಡರ್ ಒಳಗಿನ ಮಿಶ್ರಣ ತೆಳು, ನಿಧಾನಕ್ಕೆ ಉರಿಯತ್ತೆ, ಕಿಡಿ ಬೇಗ ಬೀಳ್ಬೇಕು. ತಡವಾದ್ರೆ ಎಕ್ಸಾಸ್ಟ್ ವಾಲ್ವ್ ತೆಗೆದಾಗ್ಲೂ ಉರೀತಾನೇ ಇರತ್ತೆ, ಆ ಶಾಖ ಎಲ್ಲಾ ಹೆಡ್ಡಿನ ನೀರಿಗೆ ಇಳಿಯತ್ತೆ. ವ್ಯಾಕ್ಯೂಮ್ ಅಡ್ವಾನ್ಸ್ ಇರೋದೇ ಕಿಡಿನ ಬೇಗ ಹೊಡ್ಸೋಕೆ. ಸ್ಕ್ರೂ ತೆಗ್ದು ಪೈಪನ್ನ ನೇರ ಮ್ಯಾನಿಫೋಲ್ಡ್ (ಸಿಲಿಂಡರಿಗೆ ಮಿಶ್ರಣ ಹೋಗೋ ದಾರಿ) ವ್ಯಾಕ್ಯೂಮ್‌ಗೆ ಕೊಡಿ, ಆರ್‌ಪಿಎಂ ಏರತ್ತೆ, ಐಡಲ್ ಸ್ಕ್ರೂ ತಿರುಗಿಸಿ ಇಳಿಸ್ಕೊಳಿ. ವ್ಯಾಕ್ಯೂಮ್ ಪೈಪ್ ಕಿತ್ತಿಟ್ಟು ಟೈಮಿಂಗ್ ಲೈಟ್ ಹಿಡಿದ್ರೆ ಮೇಲಿನ ಆರ್‌ಪಿಎಂಲಿ ಒಟ್ಟು ಅಡ್ವಾನ್ಸ್ 34ರಿಂದ 36 ಡಿಗ್ರಿ ಇರ್ಲಿ (ಇದು ಬಿಸಿಯ ಡಿಗ್ರಿ ಅಲ್ಲ, ಕ್ರ್ಯಾಂಕ್ ತಿರುಗೋ ಕೋನ). ಅದಕ್ಕೆ ಮುಂಚೆ ಬ್ಯಾಲೆನ್ಸರ್ (ಕ್ರ್ಯಾಂಕ್ ಮುಂದಿನ ತುದೀಲಿರೋ, ಟೈಮಿಂಗ್ ಗುರುತಿರೋ ಚಕ್ರ) ನೋಡಿ, ಮಧ್ಯದ ರಬ್ಬರ್ ಹಳೇದಾಗಿ ಹೊರಗಿನ ರಿಂಗ್ ಜಾರಿದ್ರೆ ಟೈಮಿಂಗ್ ಗುರುತೇ ಸುಳ್ಳು ಹೇಳತ್ತೆ.

ಬೇರೆ ಸದಸ್ಯರು:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಥರ್ಮೋಸ್ಟಾಟ್ ಕಿತ್ರೆ ನೀರು ಜೋರಾಗಿ ಓಡಿ ತಂಪಾಗೋಕೆ ಟೈಮ್ ಸಿಗಲ್ಲ ಅಂತಾರಲ್ಲ, ನಿಜಾನಾ? ನನ್ನ ಹತ್ರ ಬೆಂಗಳೂರಲ್ಲಿ ಒಂದು ಹಳೇ ಕಾಂಟೆಸ್ಸಾ ಇದೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಿದ್ರೆ ಮಾತ್ರ ಹೀಟ್ ಆಗತ್ತೆ.

ಉತ್ತರ:
ಕೇಳಿದ್ದು ಒಳ್ಳೇದಾಯ್ತು. ಅದು ನಿಜ ಅಲ್ಲ ಸರ್, ನೀರು ಜೋರಾಗಿ ಓಡಿದಷ್ಟೂ ಒಳ್ಳೇದು. ಹಾಗಂತ ಥರ್ಮೋಸ್ಟಾಟ್ ಕಿತ್ತು ಓಡಿಸ್ಬೇಡಿ, ಇಂಜಿನ್ ಬೇಗ ಬಿಸಿ ಆಗ್ದೇ ಆಯಿಲ್ ಕೆಡತ್ತೆ, ಸಿಲಿಂಡರ್ ಗೋಡೆ ಸವೆಯತ್ತೆ. ಇಂಜಿನ್ ಕಮ್ಮಿ ಅಂದ್ರೆ ಎಷ್ಟು ಬಿಸಿ ಇರ್ಬೇಕು ಅನ್ನೋದು ಮಾತ್ರ ಅದರ ಕೈಲಿದೆ, ಜಾಸ್ತಿ ಎಷ್ಟು ಆಗತ್ತೆ ಅನ್ನೋದು ಅದರ ಕೈಲಿಲ್ಲ. ಜಿಟಿಒಗೆ 180 ಡಿಗ್ರಿದು ಥರ್ಮೋಸ್ಟಾಟ್ ವಾಪಸ್ ಹಾಕ್ಲಿ. ನಿಮ್ದು ನಿಂತಾಗ ಮಾತ್ರ ಅಂದ್ರಲ್ಲ, ಮೊದ್ಲು ಗಾಳಿ ಕಡೆ ನೋಡಿ: ಬೆಲ್ಟ್ ಸಡಿಲ ಇದ್ಯಾ, ಫ್ಯಾನ್ ರೆಕ್ಕೆ ಮುರಿದಿದ್ಯಾ, ರೇಡಿಯೇಟರ್ ಮುಂದೆ ಧೂಳು ಹುಳ ಕೂತಿದ್ಯಾ. ಬರೀ ನಲ್ಲಿ ನೀರು ಹಾಕಿ ಓಡಿಸ್ತಿದ್ರೆ ಅದನ್ನ ಇವತ್ತೇ ನಿಲ್ಸಿ, ಬ್ಲಾಕ್ ಒಳಗೆ ತುಕ್ಕು ಹಿಡಿಯತ್ತೆ.

ಪ್ರಶ್ನೆ ಕೇಳಿದವರು (ಮೂರು ವಾರ ಆದ್ಮೇಲೆ):
ಅಣ್ಣಾ, ಮುಗಿಸ್ದೆ. ಕ್ಲೇ ಮೊದ್ಲ ಸಲ ಹತ್ರ ಹತ್ರ ಆರು ಮಿಲಿಮೀಟರ್ ಇತ್ತು, ಐದನೇ ಸಲಕ್ಕೆ ಒಂದೂವರೆಗೆ ಬಂತು, ಕ್ಲೇ ಮಗಳದ್ದೇ, ಅಳತೆನೂ ಅವಳೇ ಹಿಡಿದ್ಲು. ಬ್ಯಾಲೆನ್ಸರ್ ಜಾರಿರ್ಲಿಲ್ಲ, ವ್ಯಾಕ್ಯೂಮ್ ಪೈಪ್ ಕೊಟ್ಟೆ. ನಿನ್ನೆ ಹೊರಗೆ 108 ಡಿಗ್ರಿ ಬಿಸಿಲು, ಏಸಿ ಹಾಕ್ಕೊಂಡು 65ರಲ್ಲಿ ಮುಕ್ಕಾಲು ಗಂಟೆ ಹೋದ್ವಿ, ಮುಳ್ಳು 195 ಬಿಟ್ಟು ಅಲ್ಲಾಡ್ಲಿಲ್ಲ. ಸಿಗ್ನಲ್ಲಲ್ಲಿ 205 ಮುಟ್ಟಿ ನಿಂತ್ಕೊಳತ್ತೆ. ನಿಮ್ಮ ಉಪಕಾರ ಮರೆಯಲ್ಲ. ಮನೆಗೆ ಬಂದು ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿ ನೋಡಿದ್ರೆ 215 ತೋರಿಸ್ತು, ಅದಕ್ಕೆ ಭಯ ಪಡ್ಬೇಕಾ?

ಉತ್ತರ:
ಓದಿ ತುಂಬಾ ಖುಷಿ ಆಯ್ತು ಸರ್, ಆ ಹುಡುಗಿಗೆ ನನ್ನ ಶಭಾಷ್ ಹೇಳಿ. 215ಕ್ಕೆ ಭಯ ಬೇಡ, ಪಂಪ್ ನಿಂತ್ಮೇಲೆ ಕಬ್ಬಿಣದಲ್ಲಿರೋ ಶಾಖ ನಿಂತ ನೀರಿಗೆ ಇಳಿದು ಸ್ವಲ್ಪ ಹೊತ್ತು ಏರೇ ಏರತ್ತೆ, ಆಮೇಲೆ ತಾನೇ ಇಳಿಯತ್ತೆ. ನಾಳೆ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರೋವಾಗ ಕ್ಯಾಪ್ ತೆಗೆದು ಕೂಲಂಟ್ ಮಟ್ಟ ನೋಡಿ, ಒಳಗೆ ಸಿಕ್ಕಿದ್ದ ಗಾಳಿ ಹೊರಗೆ ಬಂದು ಇಳಿದಿರತ್ತೆ, ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬ್ಸಿ. ಹಾಗೇ ಆ ಎಂಟು ಬೋಲ್ಟಿಗೆ ಒಂದ್ಸಲ ಸ್ಪ್ಯಾನರ್ ಹಾಕಿ ನೋಡಿ, ಹೊಸ ಗ್ಯಾಸ್ಕೆಟ್ ಒಂದೆರಡು ಸಲ ಬಿಸಿ ಆದ್ಮೇಲೆ ಕುಗ್ಗಿರತ್ತೆ. ಜೋರಾಗಿ ಎಳೀಬೇಡಿ, ಕವರ್ ಅಲ್ಯೂಮಿನಿಯಂದು, ಥ್ರೆಡ್ ಕಿತ್ಕೊಂಡು ಬರತ್ತೆ.