ಕಾಟರಿ ಪ್ಲೇಟಿಗೆ ‘ಭೂಸಂಪರ್ಕ ಫಲಕ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ವಿಭಾಗಕ್ಕಾಗಿ ಕನ್ನಡದಲ್ಲಿ ಒಂದು ಸೂಚನಾ ಪತ್ರವನ್ನು ಸಿದ್ಧಪಡಿಸುತ್ತಿದ್ದೇನೆ. ಆಪರೇಷನ್ ನಡೆಯುವಾಗ ವಿದ್ಯುತ್ ಉಪಕರಣಗಳಿಂದ ರೋಗಿಯ ಮೈ ಸುಡದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಅದರ ವಿಷಯ. ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್‌ಗಳು, ಸಿಸ್ಟರ್‌ಗಳು, ರೋಗಿಯನ್ನು ಟೇಬಲ್ಲಿಗೆ ಎತ್ತಿ ಮಲಗಿಸುವ ವಾರ್ಡ್ ಸಹಾಯಕರು ಅದನ್ನು ಓದಬೇಕಾದವರು. ಕೆಲವು ಪದಗಳಲ್ಲಿ ಗಂಟು ಬಿದ್ದಿದೆ. ಅದರಲ್ಲೂ ಒಂದನ್ನು ನಿಮ್ಮ ಮುಂದಿಡದೆ ಅಚ್ಚಿಗೆ ಕಳುಹಿಸಲು ಮನಸ್ಸಿಲ್ಲ.

ಅಂಗಾಂಶವನ್ನು ಕತ್ತರಿಸಲು, ರಕ್ತ ಸೋರುವುದನ್ನು ಸುಟ್ಟು ನಿಲ್ಲಿಸಲು ಬಳಸುವ ಯಂತ್ರವನ್ನು ಓಟಿಯಲ್ಲಿ ಎಲ್ಲರೂ ‘ಕಾಟರಿ’ ಎನ್ನುತ್ತಾರೆ. ಶಸ್ತ್ರವೈದ್ಯರ ಕೈಯಲ್ಲಿರುವ ಭಾಗ ‘ಪೆನ್ಸಿಲ್’. ರೋಗಿಯ ತೊಡೆಗೋ ಪೃಷ್ಠಕ್ಕೋ ಅಂಟಿಸುವ ಅಗಲವಾದ ಪಟ್ಟಿ ‘ಪ್ಲೇಟ್’. ಅಂಟುಪಟ್ಟಿಗಳು ಬರುವ ಮೊದಲು ಅದು ಲೋಹದ ತಗಡೇ ಆಗಿತ್ತು, ಹೆಸರು ಹಾಗೆಯೇ ಉಳಿದಿದೆ. ಹಳಬರು ‘ಅರ್ತಿಂಗ್ ಪ್ಲೇಟ್’ ಎನ್ನುವುದೂ ಉಂಟು. ನನ್ನ ಕೈಗೆ ಬಂದ ಕರಡು ಅನುವಾದದಲ್ಲಿ ಅದು ‘ಭೂಸಂಪರ್ಕ ಫಲಕ’ ಆಗಿದೆ. ಈ ಪದ ಬೇಡವೇ ಬೇಡ ಎಂಬುದು ನನ್ನ ವಾದ.

ಅರ್ತಿಂಗ್ ಎಂದರೆ ನಮಗೆ ಏನು ನೆನಪಾಗುತ್ತದೆ? ಮನೆಯ ಫ್ರಿಜ್ಜು, ಗೀಸರು, ಪ್ಲಗ್ಗಿನ ಮೂರನೆಯ ಪಿನ್ನು. ಎಲ್ಲ ಸರಿಯಿದ್ದಾಗ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಏನಾದರೂ ಕೆಟ್ಟಾಗ ಮಾತ್ರ ಅದು ನೆರವಿಗೆ ಬರುತ್ತದೆ. ಕಾಟರಿ ಪ್ಲೇಟಿನ ಕೆಲಸ ಬೇರೆಯೇ. ಪೆನ್ಸಿಲ್ಲಿನ ತುದಿಯಿಂದ ಮೈಯೊಳಗೆ ಹೊಕ್ಕ ಕರೆಂಟೆಲ್ಲ ಈ ಪ್ಲೇಟಿನ ಮೂಲಕವೇ ಯಂತ್ರಕ್ಕೆ ವಾಪಸಾಗಬೇಕು. ಯಂತ್ರ ಕೆಲಸ ಮಾಡುವಷ್ಟು ಹೊತ್ತೂ ಪ್ಲೇಟ್ ಕೆಲಸ ಮಾಡುತ್ತಿರುತ್ತದೆ. ಹಳೆಯ ಯಂತ್ರಗಳಲ್ಲಿ ಕರೆಂಟು ಸುತ್ತಿಬರುವ ಈ ಮಂಡಲ (ಸರ್ಕ್ಯೂಟ್) ನೆಲಕ್ಕೆ ಜೋಡಿಸಿಕೊಂಡಿರುತ್ತಿತ್ತು. ಹಾಗಾಗಿ ಪ್ಲೇಟ್ ಸರಿಯಾಗಿ ಕೂಡದಿದ್ದರೆ ಕರೆಂಟು ಇಸಿಜಿಯ ಬಿಲ್ಲೆಯನ್ನೋ ಮೈಗೆ ತಗುಲಿದ ಟೇಬಲ್ಲಿನ ಅಂಚನ್ನೋ ದಾರಿ ಮಾಡಿಕೊಂಡು, ಅಲ್ಲಿ ಸುಡುತ್ತಿತ್ತು. ಈಗಿನ ಯಂತ್ರಗಳ ಮಂಡಲವನ್ನು ನೆಲದಿಂದ ಬೇರ್ಪಡಿಸಿರುತ್ತಾರೆ. ಅಂದಮೇಲೆ ‘ಭೂ’ ಎಂಬ ಪೂರ್ವಪದಕ್ಕೆ ಇಂದು ಅಲ್ಲಿ ಜಾಗವೇ ಇಲ್ಲ.

ಷಾಕಿನ ಭಯವೂ ಇಲ್ಲಿ ದಾರಿ ತಪ್ಪಿಸುತ್ತದೆ. ಮನೆಗೆ ಬರುವ ವಿದ್ಯುತ್ತು 50 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 50 ಆವರ್ತನ. ಕಾಟರಿಯದು ಲಕ್ಷಗಟ್ಟಲೆ ಹರ್ಟ್ಸ್. ಸುಮಾರು 1 ಲಕ್ಷ ಹರ್ಟ್ಸ್ ದಾಟಿದ ಮೇಲೆ ನರ, ಸ್ನಾಯುಗಳು ಅದಕ್ಕೆ ಮಿಡಿಯುವುದಿಲ್ಲ. ಷಾಕ್ ಹೊಡೆಯುವುದಿಲ್ಲ, ಬಿಸಿ ಮಾತ್ರ ಉಳಿಯುತ್ತದೆ. 1926ರಲ್ಲಿ ಬಾಸ್ಟನ್ನಿನಲ್ಲಿ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರು ವಿಲಿಯಂ ಬೋವಿಯವರು ರೂಪಿಸಿದ ಇಂಥ ಯಂತ್ರವನ್ನು ಶಸ್ತ್ರಚಿಕಿತ್ಸೆಗೆ ಬಳಸಿದಂದಿನಿಂದ ಇದೇ ತತ್ವ ನಡೆದುಬಂದಿದೆ. ತುದಿಯಲ್ಲಿ ಸುಡುವ ಅದೇ ಕರೆಂಟು ತೊಡೆಯಲ್ಲಿ ಸುಡದಿರುವುದು ಪ್ಲೇಟಿನ ಅಗಲದಿಂದ. ಅಂಗೈ ಮೇಲೆ ಬಿದ್ದ ಬಿಸಿಲು ಏನೂ ಮಾಡದು, ಭೂತಗನ್ನಡಿ ಹಿಡಿದು ಅದನ್ನು ಒಂದೆಡೆ ಕೂಡಿಸಿದರೆ ಚರ್ಮ ಸುಡುತ್ತದೆಯಲ್ಲ, ಹಾಗೆ. ಪ್ಲೇಟಿನ ಅರ್ಧ ಭಾಗ ಎದ್ದುಬಂದರೆ, ಅಡಿಯಲ್ಲಿ ಕೂದಲಿದ್ದರೆ, ಸ್ಪಿರಿಟ್ ಜಿನುಗಿ ಅಂಟು ಬಿಟ್ಟರೆ, ಮೂಳೆ ಉಬ್ಬಿದ ಕಡೆಯೋ ಹಳೆಯ ಗಾಯದ ಕಲೆಯ ಮೇಲೋ ಅಂಟಿಸಿದ್ದರೆ ಕರೆಂಟಿಗೆ ಉಳಿಯುವುದು ಚಿಕ್ಕ ಜಾಗ. ಅಲ್ಲಿ ಚರ್ಮ ಬೇಯುತ್ತದೆ. ಅರಿವಳಿಕೆಯಲ್ಲಿರುವ ರೋಗಿ ‘ಉರಿಯುತ್ತಿದೆ’ ಎನ್ನಲಾರ. ಶಸ್ತ್ರವೈದ್ಯರು ‘ಸಾಲುತ್ತಿಲ್ಲ, ಪವರ್ ಏರಿಸಿ’ ಎಂದಾಗ ಏರಿಸುವ ಮುನ್ನ ಪ್ಲೇಟನ್ನು ನೋಡಬೇಕು. ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಿದ ಮೇಲಂತೂ ನೋಡಲೇಬೇಕು. ಎರಡು ಭಾಗಗಳಾಗಿ ಮಾಡಿದ ಈಗಿನ ಪ್ಲೇಟುಗಳಿಗೆ ಹೊಂದುವ ಯಂತ್ರವಾದರೆ ಅಂಟು ಬಿಟ್ಟದ್ದನ್ನು ತಾನೇ ಅಳೆದು ಕೂಗುತ್ತದೆ, ಕರೆಂಟನ್ನೂ ನಿಲ್ಲಿಸುತ್ತದೆ. ಒಂದೇ ಹಾಳೆಯ ಪ್ಲೇಟಿಗೆ ಆ ಕಾವಲಿಲ್ಲ.

‘ಭೂಸಂಪರ್ಕ’ ಎಂದು ಓದಿದವರು ಇದನ್ನು ಒಂದು ಹೆಚ್ಚುವರಿ ರಕ್ಷಣೆ ಎಂದುಕೊಳ್ಳುತ್ತಾರೆ, ಎಲ್ಲಿ ಅಂಟಿಸಿದರೂ ನಡೆಯುತ್ತದೆ ಎಂದುಕೊಳ್ಳುತ್ತಾರೆ. ಅದಕ್ಕೇ ನನ್ನ ಹಟ.

ಬದಲಿಗೆ ಏನು? ‘ಮರಳುಪಟ್ಟಿ’ ಎಂದು ಗೆಳೆಯರೊಬ್ಬರು ಸೂಚಿಸಿದರು. ವಾಪಸಾಗುವುದು ಎಂಬ ಅರ್ಥ ಸರಿ, ಆದರೆ ಓದಿದವರಿಗೆ ಉಸುಕೇ ಕಣ್ಣಿಗೆ ಬರುತ್ತದೆ. ಮರಳು ಕಾಗದ ಎಲ್ಲರಿಗೂ ಗೊತ್ತು. ‘ವಾಪಸಾತಿ ಫಲಕ’ ಎಂದರೆ ಚುನಾವಣೆಯ ನಾಮಪತ್ರದ ವಾಸನೆ. ‘ಹರಡುಪಟ್ಟಿ’ ನನಗೆ ಹಿಡಿಸಿದೆ: ಕರೆಂಟನ್ನು ಅಗಲಕ್ಕೆ ಹರಡುವುದೇ ಅದರ ಕೆಲಸವಾದ್ದರಿಂದ ಹೆಸರು ಹೇಳಿದೊಡನೆ ಪೂರ್ತಿ ಅಂಟಿರಬೇಕು ಎಂಬುದೂ ಹೊಳೆಯುತ್ತದೆ. ಆದರೂ ಓಟಿಯಲ್ಲಿ ಯಾರೂ ‘ಹರಡುಪಟ್ಟಿ ಕೊಡಿ’ ಎನ್ನುವುದಿಲ್ಲ. ಸೂಚನೆಯಲ್ಲಿ ಬಾಯಲ್ಲಿರುವ ‘ಕಾಟರಿ ಪ್ಲೇಟ್’ ಅನ್ನೇ ಉಳಿಸಿಕೊಂಡು, ವಿವರಣೆಯಲ್ಲಿ ಒಮ್ಮೆ ‘ಹರಡುಪಟ್ಟಿ’ ಎಂದು ಪರಿಚಯಿಸೋಣ ಎಂದಿದ್ದೇನೆ. ಭಿನ್ನಾಭಿಪ್ರಾಯವಿದ್ದರೆ ದಯವಿಟ್ಟು ಹೇಳಿ.

ಎರಡನೆಯದು ಗಾಯದ ಹೆಸರು. ‘ಸುಟ್ಟಗಾಯ’ ಪತ್ರಿಕೆಗಳಿಂದ ಮನೆಮಾತಾದ ಪದ. ಕೇಳಿದೊಡನೆ ಸ್ಟವ್ ಸ್ಫೋಟವೋ ಪಟಾಕಿಯೋ ನೆನಪಾಗುತ್ತದೆ. ಪ್ಲೇಟಿನ ಗಾಯ ಬಿಲ್ಲೆಯಷ್ಟೇ ಇದ್ದು ಆಳಕ್ಕೆ ಇಳಿದಿರಬಹುದು. ‘ಬರೆ’ ಚಿಕ್ಕದು, ಚೊಕ್ಕದು, ಆದರೆ ಬರೆ ಬೇಕೆಂದೇ ಎಳೆಯುವಂಥದ್ದು. ಕಾಮಾಲೆಗೆಂದು ಮಕ್ಕಳಿಗೆ ಬರೆ ಹಾಕಿಸಿದ ಸಂಕಟ ಆ ಪದದಲ್ಲಿ ಇನ್ನೂ ಇದೆ. ಸುಟ್ಟಗಾಯವನ್ನೇ ಇಟ್ಟುಕೊಳ್ಳುತ್ತೇನೆ. ‘ಆಕಸ್ಮಿಕ’ ಎಂಬ ವಿಶೇಷಣವನ್ನು ಮಾತ್ರ ಕಿತ್ತುಹಾಕಿದ್ದೇನೆ: ‘ಅಕಸ್ಮಾತ್’ ಎಂದರೆ ಕಾರಣವಿಲ್ಲದೆ ಎಂದು, ಇಲ್ಲಿ ಕಾರಣ ಯಾವಾಗಲೂ ಇರುತ್ತದೆ.

ಕೊನೆಯದು ರೋಗಿಗಳಿಗೆ ಕೊಡುವ ಚೀಟಿಯ ಮಾತು. ‘ಲೋಹದ ವಸ್ತುಗಳನ್ನು ತೆಗೆಯತಕ್ಕದ್ದು’ ಎಂದಿದೆ. ಲೋಹ ಮೈಗೆ ಒಂದೆಡೆ ಒತ್ತಿಕೊಂಡು ಟೇಬಲ್ಲಿಗೂ ತಗುಲಿದರೆ ಕರೆಂಟಿಗೆ ಅದೂ ದಾರಿಯಾಗಬಹುದು. ಆದರೆ ಕಾಲುಂಗುರವನ್ನು, ತಾಳಿಯನ್ನು, ಮೂಗುಬೊಟ್ಟನ್ನು ‘ಲೋಹದ ವಸ್ತು’ ಎಂದು ಯಾವ ತಾಯಿಯೂ ಎಣಿಸುವುದಿಲ್ಲ, ಒಂದೊಂದನ್ನೂ ಹೆಸರಿಸಲೇಬೇಕು. ಹೆಸರಿಸಿದೊಡನೆ ಕ್ರಿಯಾಪದದ ಸಮಸ್ಯೆ ಎದುರಾಗುತ್ತದೆ. ‘ತಾಳಿ ಬಿಚ್ಚಿ’ ಎಂದು ಅಚ್ಚು ಹಾಕಿದರೆ ಆಪರೇಷನ್ನಿನ ಹಿಂದಿನ ರಾತ್ರಿ ಅದನ್ನು ಓದುವ ಹೆಂಗಸಿಗೆ ಎದೆ ಧಸಕ್ಕೆನ್ನುತ್ತದೆ. ದೀಪ ಆರಿಸುವುದನ್ನೂ ‘ದೊಡ್ಡದು ಮಾಡು’ ಎನ್ನುವ ಭಾಷೆ ನಮ್ಮದು. ‘ತೆಗೆದಿಡಿ’ ಎಂದರೆ ಮತ್ತೆ ಹಾಕಿಕೊಳ್ಳುವ ಭರವಸೆ ಅದರಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ‘ಬೇಕಿದ್ದರೆ ಅರಿಶಿನದ ಕೊಂಬಿನ ದಾರ ಕಟ್ಟಿಕೊಳ್ಳಿ’ ಎಂದು ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಬಾಯಲ್ಲೇ ಹೇಳಿ ಎಷ್ಟೋ ಮಂದಿಯನ್ನು ಒಪ್ಪಿಸುತ್ತಾರೆ. ಶಸ್ತ್ರಚಿಕಿತ್ಸೆಯ ಜಾಗ ಕುತ್ತಿಗೆ, ಎದೆ ಅಲ್ಲದಿದ್ದರೆ ಆ ಸಾಲನ್ನು ಚೀಟಿಗೂ ಸೇರಿಸುವ ಯೋಚನೆಯಿದೆ.

ಮಂಗಳೂರು, ಧಾರವಾಡ, ಕಲಬುರಗಿಯ ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರು ಬಳಗದಲ್ಲಿದ್ದರೆ, ಅಲ್ಲಿ ಪ್ಲೇಟಿಗೆ ಏನೆನ್ನುತ್ತಾರೆ, ಅದನ್ನು ಅಂಟಿಸುತ್ತಾರೋ ಹಚ್ಚುತ್ತಾರೋ, ತಾಳಿಯ ವಿಷಯವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ತಿಳಿಸಿ. ಮೊದಲ ಅಚ್ಚು ಬೆಂಗಳೂರಿಗೆ ಮಾತ್ರ. ನಿಮ್ಮ ಉತ್ತರ ನೋಡಿಕೊಂಡು ಬೇರೆ ಜಿಲ್ಲೆಗಳ ಪ್ರತಿಯನ್ನು ತಿದ್ದುತ್ತೇನೆ.